ಹಾಡುವವರಿಲ್ಲದ ಬ್ಯಾಂಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಯಕ್ರಮ ಮುಗಿದು ವಯೊಲಿನ್ ಪೆಟ್ಟಿಗೆಗೆ ಹಾಕುವಷ್ಟರಲ್ಲಿ ಯಾರಾದರೂ ವೇದಿಕೆ ಹತ್ತಿರ ಬಂದು ಒಂದು ಪ್ರಶ್ನೆ ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ ಆಗಿರುತ್ತದೆ. ಆದರೆ ಆಗ ಹಾಲ್ ಖಾಲಿ ಮಾಡಬೇಕು, ವೈರ್ ಸುತ್ತಬೇಕು, ಆಟೋ ಸಿಗಬೇಕು. ಅರ್ಧ ಉತ್ತರ ಹೇಳಿ ಹೊರಡುತ್ತೇವೆ. ಉಳಿದ ಅರ್ಧವನ್ನು ಇಲ್ಲಿ ಬರೆದಿದ್ದೇನೆ. ಬರೆದವನು ವಯೊಲಿನ್ ನುಡಿಸುವವನು. ಅಭಿಪ್ರಾಯಗಳು ನನ್ನವು, ಉಳಿದ ನಾಲ್ವರೂ ಓದಿ ಒಪ್ಪಿದ್ದಾರೆ.

ಬ್ಯಾಂಡಿನಲ್ಲಿ ಎಷ್ಟು ಜನ? ಏನೇನು ವಾದ್ಯ?

ಐದು ಜನ. ವಯೊಲಿನ್, ಗಿಟಾರ್, ಬೇಸ್ ಗಿಟಾರ್, ಮೃದಂಗ, ಡ್ರಮ್ಸ್. ಮೃದಂಗದವರು ಖಂಜಿರವನ್ನೂ ನುಡಿಸುತ್ತಾರೆ. ಕೆಲವು ಕಾರ್ಯಕ್ರಮಗಳಿಗೆ ತಮಟೆಯವರು ಬರುತ್ತಾರೆ. ಅವರ ಬಗ್ಗೆ ಮುಂದೆ ಹೇಳುತ್ತೇನೆ.

ಹಾಡುವವರು ಯಾಕಿಲ್ಲ?

ಇದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಆಯೋಜಕರು ಕೇಳುತ್ತಾರೆ, ನೆಂಟರು ಕೇಳುತ್ತಾರೆ, ನಮ್ಮ ತಾಯಿ ಇವತ್ತಿಗೂ ಕೇಳುತ್ತಾರೆ.

ಮಾತು ಬಂದ ಕೂಡಲೇ ಕಿವಿ ಮಾತಿನ ಹಿಂದೆ ಹೋಗುತ್ತದೆ. ಅದು ಸಹಜ. ಹಾಡುವವರ ಹಿಂದೆ ನಾವು ನಾಲ್ಕೈದು ಜನ ಎಷ್ಟೇ ಚೆನ್ನಾಗಿ ನುಡಿಸಿದರೂ ಪಕ್ಕವಾದ್ಯವೇ ಆಗುತ್ತೇವೆ. ಪಕ್ಕವಾದ್ಯ ದೊಡ್ಡ ಕಲೆ. ನಾನು 20 ವರ್ಷ ಅದನ್ನೇ ಮಾಡಿದ್ದೇನೆ, ಈಗಲೂ ಮಾಡುತ್ತೇನೆ. ಆದರೆ ಈ ಬ್ಯಾಂಡಿನಲ್ಲಿ ನಮಗೆ ಬೇಕಾಗಿದ್ದು ಬೇರೆ. ಬೇಸ್ ಗಿಟಾರಿನ ಒಂದು ಸ್ವರವನ್ನೂ ಜನ ಅಷ್ಟೇ ಗಮನದಿಂದ ಕೇಳಬೇಕು. ಮೃದಂಗದ ಗುಮ್ಕಿ, ಅಂದರೆ ಎಡಗಡೆಯ ಜಾರುವ ತಗ್ಗು ದನಿ, ಒಂದು ವಾಕ್ಯದ ಹಾಗೆ ಕೇಳಿಸಬೇಕು. ಅದಕ್ಕೆ ಮಧ್ಯದ ಕುರ್ಚಿ ಖಾಲಿ ಬಿಟ್ಟಿದ್ದೇವೆ.

ಮಾತಿಲ್ಲದ್ದರಿಂದ ಇನ್ನೊಂದು ಲಾಭವೂ ಇದೆ. ಒಮ್ಮೆ ಒಂದೇ ಟ್ಯೂನ್ ಕೇಳಿ ಒಬ್ಬರು ಅಜ್ಜಿಗೆ ತವರೂರು ನೆನಪಾಯಿತು, ಪಕ್ಕದಲ್ಲಿದ್ದ ಹುಡುಗನಿಗೆ ರೈಲು ನೆನಪಾಯಿತು. ಇಬ್ಬರೂ ಬಂದು ಹೇಳಿದರು. ಇಬ್ಬರದ್ದೂ ಸರಿ.

ಇದನ್ನು ಫ್ಯೂಷನ್ ಅನ್ನಬಹುದಾ?

ಅನ್ನಬಹುದು. ಪೋಸ್ಟರಿನ ಮೇಲೆ ಹಾಕಲು ಒಂದು ಪದ ಬೇಕಲ್ವಾ. ಆದರೆ ಆ ಪದ ಕೇಳಿದ ಕೂಡಲೇ ಕೆಲವರಿಗೆ ನೆನಪಾಗುವುದು ಒಂದು ಕೀರ್ತನೆ, ಅದರ ಕೆಳಗೆ ಡ್ರಮ್ಸ್, ಕೊನೆಗೆ ಎಲ್ಲರೂ ಜೋರಾಗಿ ಬಾರಿಸುವುದು. ಕೀರ್ತನೆಯೂ ಬದಲಾಗಿಲ್ಲ, ಡ್ರಮ್ಸೂ ಬದಲಾಗಿಲ್ಲ. ಇಬ್ಬರು ಅಪರಿಚಿತರು ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಹಾಗೆ. ನನಗೆ ಅದು ಸಾಲದು.

ನನ್ನ ನಂಬಿಕೆ ಇಷ್ಟು. ಇನ್ನೊಬ್ಬರ ಸಂಗೀತ ಬೇಕಾದರೆ ಅವರ ಮನೆಗೆ ಹೋಗಿ ಕಲಿಯಬೇಕು. ನಮ್ಮ ಗಿಟಾರಿನವನು ಎರಡು ವರ್ಷ ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣ ಅಂತ ಮಕ್ಕಳ ಜೊತೆ ಕೂತು ಕಲಿತ. ನಾನು ಪಶ್ಚಿಮದವರು ಸ್ವರ ಬರೆಯುವ ಸ್ಟಾಫ್ ನೋಟೇಷನ್ ಕಲಿತೆ, ಕಾರ್ಡುಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಂಪುಗಳ, ನಡೆ ಕಲಿತೆ. ಡ್ರಮ್ಸ್ ನುಡಿಸುವವಳು ತಾಳದ ಲೆಕ್ಕವನ್ನು ಬಾಯಲ್ಲಿ ಹೇಳುವ ಕೊನ್ನಕ್ಕೋಲು ಕಲಿತಳು. ಈಗ ಲೆಕ್ಕ ತಪ್ಪಿದರೆ ಮೊದಲು ಹಿಡಿಯುವವಳೇ ಅವಳು.

ಶುರುವಾಗಿದ್ದು ಹೇಗೆ?

ಬೆಂಗಳೂರಿನ ಹನುಮಂತನಗರದ ಒಂದು ಮಹಡಿ ಮನೆಯಲ್ಲಿ, ಸುಮ್ನೆ ಒಂದು ಸಂಜೆ. ಗಿಟಾರಿನವನು ನನ್ನ ಕಾಲೇಜು ಗೆಳೆಯ. ರಾಕ್ ನುಡಿಸುತ್ತಿದ್ದ. ಗಿಟಾರ್ ಹಿಡಿದವರೆಲ್ಲ ಮೊದಲು ಕಲಿಯುವ ಐದು ಸ್ವರದ ಒಂದು ಸ್ಕೇಲ್ ಇದೆ, ಮೈನರ್ ಪೆಂಟಾಟಾನಿಕ್. ಬ್ಲೂಸ್, ರಾಕ್ ಎಲ್ಲದರ ಬುಡ ಅದು. ಅವನು ಅದನ್ನು ನುಡಿಸುತ್ತಾ ಕೂತಿದ್ದ. ಒಳಗೆ ಕಾಫಿ ಮಾಡುತ್ತಿದ್ದ ನಾನು ‘ಶುದ್ಧ ಧನ್ಯಾಸಿ ಯಾವಾಗ ಕಲಿತೆಯೋ?’ ಅಂದೆ. ಅವನಿಗೆ ಆ ರಾಗದ ಹೆಸರೇ ಗೊತ್ತಿರಲಿಲ್ಲ.

ಸ, ಗ, ಮ, ಪ, ನಿ. ಅದೇ ಸ್ವರಗಳು, ಅದೇ ಜಾಗ. ವಯೊಲಿನ್ ತಂದು ಅದೇ ರಾಗವನ್ನು ನನ್ನ ರೀತಿಯಲ್ಲಿ ನುಡಿಸಿದೆ. ಅವನ ಸ್ವರಗಳು ನೆಟ್ಟಗೆ ನಿಂತಿದ್ದವು, ನಡುನಡುವೆ ತಂತಿ ಎಳೆದು ಸ್ವರ ಅಳುವ ಹಾಗೆ ಮಾಡುತ್ತಿದ್ದ. ನನ್ನವು ಒಂದರಿಂದ ಒಂದಕ್ಕೆ ಜಾರುತ್ತಿದ್ದವು. ಒಂದೇ ಐದು ಸ್ವರ ಇಟ್ಟುಕೊಂಡು ಇಬ್ಬರೂ ಬೇರೆ ಬೇರೆ ಭಾಷೆ ಆಡುತ್ತಿದ್ದೆವು. ರಾತ್ರಿ ಒಂದು ಗಂಟೆಯವರೆಗೆ ಬಿಡಲಿಲ್ಲ. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದ ಮೇಲೆ ನಿಲ್ಲಿಸಿದೆವು. 15 ವರ್ಷ ಆಯಿತು. ಆ ಸಂಜೆಯ ಟ್ಯೂನನ್ನು ಈಗಲೂ ಪ್ರತಿ ಕಾರ್ಯಕ್ರಮದಲ್ಲಿ ಮೊದಲು ನುಡಿಸುತ್ತೇವೆ.

ರಾಗಕ್ಕೆ ಕಾರ್ಡ್ ಹೊಂದುತ್ತದಾ?

ಕೆಲವಕ್ಕೆ ಚೆನ್ನಾಗಿ ಹೊಂದುತ್ತದೆ, ಕೆಲವಕ್ಕೆ ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಂಸಧ್ವನಿ ತೆಗೆದುಕೊಳ್ಳಿ. ಮುತ್ತುಸ್ವಾಮಿ ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು ರೂಪಿಸಿದ ರಾಗ. ಸ, ರಿ, ಗ, ಪ, ನಿ. ಈ ಐದನ್ನೂ ಒಟ್ಟಿಗೆ ಒತ್ತಿದರೆ ಜಾಝ್‌ನವರು ‘ಮೇಜರ್ ನೈನ್ತ್’ ಎನ್ನುವ ಕಾರ್ಡ್ ಆಗುತ್ತದೆ. ಅಂದರೆ ಇಡೀ ರಾಗವೇ ಒಂದು ಕಾರ್ಡ್. ನಮ್ಮ ಗಿಟಾರಿನವನು ಇದನ್ನು ಕಂಡುಕೊಂಡ ದಿನ ಫೋನ್ ಮಾಡಿ ಕೂಗಿದ್ದ.

ಮೋಹನ ರಾಗ ಇನ್ನೂ ಸ್ವಾರಸ್ಯ. ಸ, ರಿ, ಗ, ಪ, ದ. ಈ ಐದು ಸ್ವರ ಇಟ್ಟುಕೊಂಡು ರಿ ಯನ್ನು ಷಡ್ಜ, ಅಂದರೆ ಸ, ಮಾಡಿದರೆ ಮಧ್ಯಮಾವತಿ ರಾಗ. ಗ ದಿಂದ ಹೊರಟರೆ ಹಿಂದೋಳ. ಪ ದಿಂದ ಶುದ್ಧ ಸಾವೇರಿ, ದ ದಿಂದ ಶುದ್ಧ ಧನ್ಯಾಸಿ. ನಮ್ಮವರು ಇದನ್ನು ಗ್ರಹಭೇದ ಅನ್ನುತ್ತಾರೆ. ಬೇಸ್ ಗಿಟಾರ್ ಜೊತೆಗಿದ್ದರೆ ಇದನ್ನು ಕಿವಿಗೆ ತೋರಿಸುವುದು ಬಹಳ ಸುಲಭ. ನಾನು ನುಡಿಸುವ ಸ್ವರ ಒಂದೂ ಬದಲಾಗುವುದಿಲ್ಲ. ಕೆಳಗೆ ಬೇಸ್ ಮಾತ್ರ ಸ ದಿಂದ ಗ ಗೆ ಇಳಿಯುತ್ತದೆ. ಕೂತವರ ಮುಖದಲ್ಲಿ ಬೆಳಕು ಬದಲಾಗುವುದು ವೇದಿಕೆಯಿಂದ ಕಾಣಿಸುತ್ತದೆ.

ತೋಡಿ ರಾಗಕ್ಕೆ ಬಂದರೆ ಕಥೆ ಬೇರೆ. ಅಲ್ಲಿ ಗಾಂಧಾರ, ಅಂದರೆ ಗ ಸ್ವರ, ಒಂದು ಜಾಗದಲ್ಲಿ ನಿಲ್ಲುವುದೇ ಇಲ್ಲ, ತೂಗುತ್ತಲೇ ಇರುತ್ತದೆ. ಅದರ ಕೆಳಗೆ ಗಟ್ಟಿ ಕಾರ್ಡ್ ಇಟ್ಟರೆ ತೂಗುವ ತೊಟ್ಟಿಲಿಗೆ ಗೂಟ ಹೊಡೆದ ಹಾಗೆ. ಎರಡು ವರ್ಷ ಪ್ರಯತ್ನ ಮಾಡಿದೆವು. ಕೊನೆಗೆ ಗಿಟಾರಿನವನೇ ‘ಇಲ್ಲಿ ನಾನು ಸ ಮಾತ್ರ ಮೀಟುತ್ತೇನೆ’ ಅಂದ. ತಂಬೂರಿಯ ಕೆಲಸ ಮಾಡಿದ. ಆ ತೋಡಿಯೇ ನಮ್ಮ ಆಲ್ಬಮ್ಮಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ.

ತಾಳದ ಲೆಕ್ಕ ನಮಗೆ ಅರ್ಥವಾಗುವುದಿಲ್ಲ. ಏನು ಕೇಳಬೇಕು?

ಲೆಕ್ಕ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಆದರೆ ಒಂದು ಉದಾಹರಣೆ ಹಿಡಿದುಕೊಂಡರೆ ಮಜಾ ಜಾಸ್ತಿ.

ಮಿಶ್ರ ಚಾಪು ತಾಳಕ್ಕೆ ಏಳು ಎಣಿಕೆ. ‘ತಕಿಟ ತಕದಿಮಿ’ ಎಂದು ಬಾಯಲ್ಲಿ ಹೇಳಿ, ಮೂರು ಮತ್ತು ನಾಲ್ಕು. ಆ ನಾಲ್ಕು ಅಂದರೆ ಎರಡು, ಎರಡು. ಬಲ್ಗೇರಿಯಾದ ಹಳ್ಳಿಗಳಲ್ಲಿ ರಾಚೆನಿತ್ಸ ಎಂಬ ಕುಣಿತ ಇದೆ, ಅದೂ ಏಳೇ. ಆದರೆ ಅವರು ಎರಡು, ಎರಡು, ಮೂರು ಎಂದು ಒಡೆಯುತ್ತಾರೆ. ನಮ್ಮದರಲ್ಲಿ ಉದ್ದದ ಹೆಜ್ಜೆ ಮೊದಲು, ಅವರದ್ದರಲ್ಲಿ ಕೊನೆಗೆ. ನಮ್ಮ ಒಂದು ಟ್ಯೂನಿನಲ್ಲಿ ಮೃದಂಗ ನಮ್ಮ ಏಳನ್ನು ನುಡಿಸುತ್ತದೆ, ಡ್ರಮ್ಸ್ ಅವರ ಏಳನ್ನು ನುಡಿಸುತ್ತದೆ. ಎರಡೂ ಒಂದೇ ಕಡೆ ಶುರುವಾಗಿ ಒಂದೇ ಕಡೆ ಮುಗಿಯುತ್ತವೆ, ಮಧ್ಯದಲ್ಲಿ ಮಾತ್ರ ಎಡವಿದ ಹಾಗೆ ಕೇಳಿಸುತ್ತದೆ. ಅದು ಬೇಕೆಂದೇ ಮಾಡಿದ್ದು.

ಇನ್ನೊಂದು ಟ್ಯೂನಿನಲ್ಲಿ ಆದಿತಾಳ ಇದೆ. ಎಂಟು ಏಟು, ಒಂದೊಂದರಲ್ಲಿ ನಾಲ್ಕು ಮಾತ್ರೆ, ಒಟ್ಟು 32. ಅದರ ಮೇಲೆ ಗಿಟಾರ್ ಏಳು ಮಾತ್ರೆಯ ಒಂದು ತುಣುಕನ್ನು ಬಿಡದೆ ನುಡಿಸುತ್ತದೆ. ಎರಡೂ ಮತ್ತೆ ಒಂದೇ ಜಾಗದಲ್ಲಿ ಸಿಗಬೇಕಾದರೆ 224 ಮಾತ್ರೆ ಆಗಬೇಕು. ತಾಳ ಏಳು ಆವರ್ತ, ತುಣುಕು 32 ಸುತ್ತು. ಎರಡೂ ಸಿಗುವ ಆ ಜಾಗ, ಸಮ, ಬರುವ ಹೊತ್ತಿಗೆ ಮುಂದಿನ ಸಾಲಿನ ಹಿರಿಯರು ತಾಳ ಹಾಕುತ್ತಾ ಬೆರಳು ಎಣಿಸುತ್ತಾ ಕಾಯುತ್ತಿರುತ್ತಾರೆ. ಸಮಕ್ಕೆ ಸರಿಯಾಗಿ ಬಂದಾಗ ‘ಭಲೇ’ ಅನ್ನುತ್ತಾರಲ್ಲ, ಅದಕ್ಕಿಂತ ದೊಡ್ಡ ಬಹುಮಾನ ನನಗೆ ಗೊತ್ತಿಲ್ಲ.

ಇಂಥ ಸಂಗೀತವನ್ನು ಶುರು ಮಾಡಿದವರು ಯಾರು?

ನಾವಂತೂ ಅಲ್ಲ. ನಮ್ಮ ಹಿಂದೆ ಉದ್ದದ ಸಾಲಿದೆ.

1960ರ ದಶಕದಲ್ಲಿ ಲಂಡನ್ನಿನಲ್ಲಿ ಕೋಲ್ಕತ್ತ ಮೂಲದ ಸಂಗೀತ ರಚನಕಾರ ಜಾನ್ ಮೇಯರ್ ಮತ್ತು ಸ್ಯಾಕ್ಸೊಫೋನ್ ವಾದಕ ಜೋ ಹ್ಯಾರಿಯಟ್ ಸೇರಿ ಭಾರತದ ವಾದ್ಯಗಳನ್ನೂ ಜಾಝ್ ತಂಡವನ್ನೂ ಒಂದೇ ವೇದಿಕೆಗೆ ತಂದರು. 1967ರಲ್ಲಿ ಪಂಡಿತ್ ರವಿಶಂಕರ್ ಮತ್ತು ವಯೊಲಿನ್ ವಾದಕ ಯೆಹೂದಿ ಮೆನುಹಿನ್ ಅವರ ಮೊದಲ ಜೋಡಿ ಆಲ್ಬಮ್ ಬಂತು.

ಆದರೆ ನಮ್ಮಂಥವರಿಗೆಲ್ಲ ದಾರಿ ತೋರಿಸಿದ್ದು ‘ಶಕ್ತಿ’ ಎಂಬ ತಂಡ. ಗಿಟಾರಿಗೆ ಜಾನ್ ಮೆಕ್‌ಲಾಫ್ಲಿನ್, ವಯೊಲಿನ್‌ಗೆ ಎಲ್. ಶಂಕರ್, ತಬಲಾಕ್ಕೆ ಜಾಕಿರ್ ಹುಸೇನ್, ಘಟಕ್ಕೆ ವಿಕ್ಕು ವಿನಾಯಕರಾಂ. ಮೊದಲ ಆಲ್ಬಮ್ಮಿನಲ್ಲಿ ಮೃದಂಗಕ್ಕೆ ರಾಮನಾಡ್ ರಾಘವನ್ ಇದ್ದರು. 1976, 77ರ ಸುಮಾರಿಗೆ ಮೂರು ಆಲ್ಬಮ್ ಮಾಡಿ ತಂಡ ನಿಂತಿತು. 1997ರಲ್ಲಿ ‘ರಿಮೆಂಬರ್ ಶಕ್ತಿ’ ಎಂದು ಮತ್ತೆ ಸೇರಿದರು. ಆಮೇಲೆ ಮ್ಯಾಂಡೊಲಿನ್ ಯು. ಶ್ರೀನಿವಾಸ್ ಬಂದರು, ವಿಕ್ಕು ಅವರ ಮಗ ಸೆಲ್ವಗಣೇಶ್ ಬಂದರು. 2014ರಲ್ಲಿ ಶ್ರೀನಿವಾಸ್ ತೀರಿಕೊಂಡರು, ಇನ್ನೂ 45 ವರ್ಷ. 2023ರಲ್ಲಿ ಹೊಸ ಆಲ್ಬಮ್ ಬಂತು, 2024ರ ಫೆಬ್ರವರಿಯಲ್ಲಿ ಅದಕ್ಕೆ ಗ್ರ್ಯಾಮಿ ಸಿಕ್ಕಿತು. ಅದೇ ಡಿಸೆಂಬರಿನಲ್ಲಿ ಜಾಕಿರ್ ಹುಸೇನ್ ಹೋದರು. ಆ ದಿನ ನಮ್ಮ ಅಭ್ಯಾಸ ಇತ್ತು. ಯಾರೂ ವಾದ್ಯ ತೆಗೆಯಲಿಲ್ಲ, ಹಳೆಯ ರೆಕಾರ್ಡ್ ಹಾಕಿಕೊಂಡು ಕೂತೆವು.

ಶಕ್ತಿಯಿಂದ ನಾನು ಕಲಿತದ್ದು ವೇಗವನ್ನಲ್ಲ. ಮೆಕ್‌ಲಾಫ್ಲಿನ್ ಅದಕ್ಕೂ ಮೊದಲು ದೊಡ್ಡ ಸದ್ದಿನ ಎಲೆಕ್ಟ್ರಿಕ್ ಗಿಟಾರಿಗೆ ಹೆಸರಾಗಿದ್ದವರು. ಇಲ್ಲಿಗೆ ಬಂದಾಗ ಅದನ್ನು ಕೆಳಗಿಟ್ಟರು. ಫ್ರೆಟ್ಟುಗಳ ನಡುವೆ ಮರ ಕೆತ್ತಿಸಿ ತಗ್ಗು ಮಾಡಿದ, ಅನುರಣನದ ತಂತಿಗಳಿರುವ ಹೊಸ ಅಕೌಸ್ಟಿಕ್ ಗಿಟಾರ್ ಮಾಡಿಸಿಕೊಂಡರು. ತಂತಿ ಆಳಕ್ಕೆ ಒತ್ತಿ ಗಮಕ, ಅಂದರೆ ಸ್ವರದ ತೂಗಾಟ ಮತ್ತು ಜಾರು, ಹಿಡಿಯಬೇಕೆಂದು. ವಾದ್ಯವನ್ನೇ ಬದಲಾಯಿಸಿಕೊಂಡರು ನೋಡಿ. ಮನೆಗೆ ಹೋಗಿ ಕಲಿಯುವುದು ಅಂದರೆ ಇದೇ.

ಇದರಲ್ಲಿ ಬೆಂಗಳೂರಿನ ಪಾಲು ಏನು?

ಬಹಳ ದೊಡ್ಡದು, ನಮ್ಮ ಊರಿನವರಿಗೇ ಅದು ಅಷ್ಟಾಗಿ ಗೊತ್ತಿಲ್ಲ ಅನ್ನುವುದು ನನ್ನ ಕೊರಗು.

1964ರಲ್ಲಿ ಶುರುವಾದ ತಾಳವಾದ್ಯಗಳ ಶಾಲೆ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಇಲ್ಲಿಯದು. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅದನ್ನು ಯೂರೋಪಿನವರೆಗೆ ಕರೆದುಕೊಂಡು ಹೋದರು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಾದಸ್ವರವನ್ನೂ ಕಲಿತಿದ್ದವರು. ಅವರ ಜೊತೆ 1983ರಲ್ಲಿ ಇವರು ಮಾಡಿದ ‘ಜ್ಯೋತಿ’ ಎಂಬ ಆಲ್ಬಮ್ ಜರ್ಮನಿಯ ಇಸಿಎಂ ಕಂಪನಿಯಿಂದ ಬಂತು. ಅದರಲ್ಲಿ ಹಾಡುವ ದನಿ ಇದೆ, ಆದ್ದರಿಂದ ನಮ್ಮ ಥರದ್ದಲ್ಲ. ಆದರೂ ದಯವಿಟ್ಟು ಕೇಳಿ. ಸ್ಯಾಕ್ಸೊಫೋನ್ ಎಲ್ಲೂ ಅವಸರ ಮಾಡುವುದಿಲ್ಲ. ಎಷ್ಟೋ ಹೊತ್ತು ಸುಮ್ಮನೆ ಕೇಳಿಸಿಕೊಂಡು, ಆಮೇಲೆ ಒಂದು ಮಾತು ಆಡಿದ ಹಾಗೆ ಬರುತ್ತದೆ.

ಘಟ ವಿದುಷಿ ಸುಕನ್ಯಾ ರಾಮಗೋಪಾಲ್ ಕೂಡ ಬೆಂಗಳೂರಿನವರೇ. ಶಕ್ತಿಯ ವಿಕ್ಕು ಅವರ ಶಿಷ್ಯೆ. ಬೇರೆ ಬೇರೆ ಶ್ರುತಿಯ ಘಟಗಳನ್ನು ಜೋಡಿಸಿಕೊಂಡು ಸ್ವರ ನುಡಿಸುವ ‘ಘಟ ತರಂಗ’ ಅವರದ್ದು. ಹೆಣ್ಣುಮಕ್ಕಳದ್ದೇ ವಾದ್ಯ ತಂಡ ಕಟ್ಟಿದರು. ವಿದ್ವಾನ್ ಆನೂರು ಅನಂತಕೃಷ್ಣ ಶರ್ಮ ಅವರ ‘ಲಯ ಲಾವಣ್ಯ’ದಲ್ಲಿ ತಾಳವಾದ್ಯಗಳೇ ಮುಖ್ಯ ಕಚೇರಿ. ನಮ್ಮ ಮೃದಂಗದವರು ಚಿಕ್ಕವರಿದ್ದಾಗ ಇವನ್ನೆಲ್ಲ ಕೇಳಿಯೇ ಬೆಳೆದದ್ದು.

ಸಂಪ್ರದಾಯ ಕೆಡಿಸುತ್ತಿದ್ದೀರಿ ಅಂತ ಯಾರೂ ಬೈದಿಲ್ವಾ?

ಬೈದಿದ್ದಾರೆ. ನನ್ನ ಗುರುಗಳೇ ಮೊದಲು ಒಂದು ವರ್ಷ ಈ ವಿಷಯ ಎತ್ತಲಿಲ್ಲ. ಅವರ ಮೌನ ಬೈಗುಳಕ್ಕಿಂತ ಭಾರವಾಗಿತ್ತು.

ನಾನು ಅವರಿಗೆ ವಾದ ಹೂಡಲಿಲ್ಲ. ಆದರೆ ಕೇಳುವವರಿಗೆ ಹೇಳುತ್ತೇನೆ. ನನ್ನ ಕೈಯಲ್ಲಿರುವ ವಯೊಲಿನ್ ಹೊರಗಿನಿಂದ ಬಂದದ್ದು. ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ತಂದರು. ಪಶ್ಚಿಮದವರು ಅದನ್ನು ಜಿ, ಡಿ, ಎ, ಇ ಎಂದು ಶ್ರುತಿ ಮಾಡುತ್ತಾರೆ. ನಾವು ಸ, ಪ, ಸ, ಪ ಮಾಡಿದೆವು. ಅವರು ನಿಂತು ಗದ್ದಕ್ಕೆ ಒತ್ತಿ ಹಿಡಿಯುತ್ತಾರೆ. ನಾವು ನೆಲದ ಮೇಲೆ ಕೂತು ಅದರ ತಲೆಯನ್ನು ಬಲಗಾಲ ಪಾದದ ಮೇಲೆ ಇಟ್ಟೆವು, ಎಡಗೈ ಜಾರಲು ಬಿಡುವಾಯಿತು, ಗಮಕ ಬಂತು. ಬಾಲುಸ್ವಾಮಿಯವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಟ್ಯೂನುಗಳಿಗೆ ಸಂಸ್ಕೃತದ ಸಾಹಿತ್ಯ ಬರೆದರು, ನೊಟ್ಟುಸ್ವರ ಅಂತ ಇವತ್ತಿಗೂ ಮಕ್ಕಳಿಗೆ ಕಲಿಸುತ್ತೇವೆ.

ನಮ್ಮ ಮೈಸೂರಿನ ಪಿಟೀಲು ಚೌಡಯ್ಯನವರು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ಮಾಡಿದರು. ಹಿಂದಿನ ಸಾಲಿನವರಿಗೂ ಕೇಳಿಸಲಿ ಎಂದು. ಮಲ್ಲೇಶ್ವರದ ಹತ್ತಿರ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಚೌಡಯ್ಯ ಸ್ಮಾರಕ ಭವನ ಅವರ ನೆನಪಿನದ್ದು. ಅದೇ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಮನಸೋತ ಹುಡುಗ ಕದ್ರಿ ಗೋಪಾಲನಾಥ್. ನಾದಸ್ವರದ ಮನೆತನದ ಹುಡುಗ. ಕೀಲಿಗಳಿಂದ ತುಂಡು ತುಂಡು ಸ್ವರ ಹೊರಡಿಸುವ ವಾದ್ಯದಲ್ಲಿ ಗಮಕ ತರಲು ವರ್ಷಗಟ್ಟಲೆ ದುಡಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದರು. 2008ರಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರ ಜೊತೆ ಜಾಝ್ ಆಲ್ಬಮ್ಮನ್ನೂ ಮಾಡಿದರು. 2019ರಲ್ಲಿ ಅವರು ತೀರಿಕೊಂಡಾಗ ಅವರನ್ನು ಸಂಪ್ರದಾಯದ ಹೊರಗಿನವರು ಎಂದವರು ಯಾರೂ ಇರಲಿಲ್ಲ.

ಅರಮನೆಯ ಬಗ್ಗೆ ಇನ್ನೊಂದು ಮಾತು. ಜಯಚಾಮರಾಜ ಒಡೆಯರ್ 90ಕ್ಕೂ ಹೆಚ್ಚು ಕೃತಿ ರಚಿಸಿದ ವಾಗ್ಗೇಯಕಾರರು. ಅದೇ ದೊರೆ ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಸಂಗೀತ ಧ್ವನಿಮುದ್ರಣ ಆಗಲೆಂದು ಹಣ ಕೊಟ್ಟರು. ಎರಡೂ ಒಂದೇ ಮನಸ್ಸಿನಲ್ಲಿ ಇತ್ತು.

ನಮ್ಮ ಗುರುಗಳು ಮೂರನೇ ವರ್ಷ ಒಂದು ಕಾರ್ಯಕ್ರಮಕ್ಕೆ ಬಂದರು. ಮುಗಿದ ಮೇಲೆ ‘ತೋಡಿ ಹಾಳು ಮಾಡಿಲ್ಲ ಕಣಪ್ಪ’ ಅಂದರು. ಅಷ್ಟೇ.

ತಮಟೆ ಹೇಗೆ ಬಂತು?

ನಮ್ಮ ಬೀದಿಯ ಅಣ್ಣಮ್ಮನ ಉತ್ಸವದಲ್ಲಿ. ನಾವು ಮಹಡಿಯಲ್ಲಿ ಅಭ್ಯಾಸ ಮಾಡುತ್ತಿದ್ದೆವು, ಕೆಳಗೆ ಮೆರವಣಿಗೆ ಬಂತು. ತಮಟೆ ಸದ್ದಿಗೆ ಡ್ರಮ್ಸ್ ನುಡಿಸುವವಳು ಕೋಲು ಕೆಳಗಿಟ್ಟು ಓಡಿದಳು. ಆರೇಳು ಜನ ಬಾರಿಸುತ್ತಿದ್ದರು. ಅವರಲ್ಲಿ ಒಬ್ಬರು ಉಳಿದವರ ಏಟಿನ ಸಂದಿಗಳಲ್ಲಿ ಮಾತ್ರ ಬಾರಿಸುತ್ತಿದ್ದರು. ತುಂಬಾ ಕಷ್ಟದ ಕೆಲಸ ಅದು. ಅವರನ್ನು ಕೇಳಿಕೊಂಡೆವು, ಒಪ್ಪಿದರು.

ನಾವು ಅವರಿಗೆ ನಮ್ಮ ಲೆಕ್ಕ ಕಲಿಸಲು ಹೋಗಿ ಮೊದಲ ತಪ್ಪು ಮಾಡಿದೆವು. ಅವರಿಗೆ ಅವರದ್ದೇ ಲೆಕ್ಕ ಇತ್ತು. ಕುಣಿಯುವವರ ಹೆಜ್ಜೆಯಿಂದ ಬಂದ ಲೆಕ್ಕ. ಆಮೇಲೆ ನಾವೇ ಎರಡು ಉತ್ಸವಗಳಿಗೆ ಅವರ ಹಿಂದೆ ನಡೆದೆವು. ಬೆಂಕಿಯಲ್ಲಿ ತಮಟೆ ಕಾಯಿಸುವುದು ನೋಡಿದೆವು, ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಜೋರು ಮಾಡುತ್ತಾರೆ ನೋಡಿದೆವು. ಅದಾದ ಮೇಲೆ ಮಾಡಿದ ಟ್ಯೂನ್ ಸರಿಯಾಯಿತು. ಅವರಿಗೂ ನಮ್ಮೆಲ್ಲರಷ್ಟೇ ಸಂಭಾವನೆ. ಜಾನಪದ ಕಲಾವಿದರು ಅಂದರೆ ಕಡಿಮೆ ಕೊಡುವ ಅಭ್ಯಾಸ ಕೆಲವು ಕಡೆ ಇದೆ. ಅಂಥ ಕಡೆ ನಾವು ಹೋಗುವುದಿಲ್ಲ.

ಮೃದಂಗದವರು ನಡುನಡುವೆ ಕಲ್ಲು ತೆಗೆದು ತಟ್ಟುತ್ತಾರಲ್ಲ, ಯಾಕೆ?

ಶ್ರುತಿ ಮಾಡಲು. ಚರ್ಮ ತೇವಕ್ಕೆ ಸಡಿಲವಾಗುತ್ತದೆ, ಒಣಗಿದರೆ ಬಿಗಿಯಾಗುತ್ತದೆ. ಎಡಗಡೆಗೆ ಮೆತ್ತಿದ ರವೆಯೂ ಒಣಗುತ್ತದೆ. ಎಸಿ ಹಾಲ್, ವೇದಿಕೆಯ ದೀಪದ ಶಾಖ, ಹೊರಗೆ ಮಳೆ, ಇವೆಲ್ಲ ಒಂದೇ ಸಂಜೆಯಲ್ಲಿ ಇರುತ್ತವೆ. ಗಿಟಾರ್ ನಾವು ‘ಮೂರು’ ಎನ್ನುವ ಶ್ರುತಿಯಲ್ಲಿ, ಅಂದರೆ ಪಶ್ಚಿಮದವರ ‘ಇ’ ಯಲ್ಲಿ, ತುಂಬಿ ನುಡಿಯುತ್ತದೆ. ಕಡಿಮೆ ಶ್ರುತಿಯ ಮೃದಂಗ ಅಲ್ಲಿಗೆ ಏರುವುದಿಲ್ಲ. ಹಾಗಾಗಿ ನಮ್ಮವರು ಎರಡು ಮೃದಂಗ ಹೊತ್ತು ತರುತ್ತಾರೆ. ಖಂಜಿರದ ಕಥೆ ಇನ್ನೂ ಬೇರೆ. ಹಿಂದೆ ಅದಕ್ಕೆ ಉಡದ ಚರ್ಮ ಹಾಕುತ್ತಿದ್ದರು, ಈಗ ಉಡ ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ. ನಮ್ಮವರು ಆಡಿನ ಚರ್ಮದ್ದು ಬಳಸುತ್ತಾರೆ.

ಸೌಂಡ್ ಚೆಕ್ಕಿಗೆ ಅಷ್ಟು ಹೊತ್ತು ಯಾಕೆ?

ಮೃದಂಗದ ಎಡಗಡೆಯ ತೊಪ್ಪಿ ಮತ್ತು ಡ್ರಮ್ಸಿನಲ್ಲಿ ಕಾಲಿನಿಂದ ಬಾರಿಸುವ ಕಿಕ್ ಎರಡೂ ಒಂದೇ ತಗ್ಗು ದನಿಯ ಜಾಗದಲ್ಲಿವೆ, ಬೇಸ್ ಗಿಟಾರೂ ಅಲ್ಲೇ ಇದೆ. ಮೂರೂ ಒಟ್ಟಿಗೆ ಬಂದರೆ ಒಂದು ಗುಂಯ್ ಎನ್ನುವ ಸದ್ದು ಬಿಟ್ಟು ಏನೂ ಕೇಳಿಸುವುದಿಲ್ಲ. ಯಂತ್ರದಿಂದ ಸ್ವಲ್ಪ ಸರಿ ಮಾಡಬಹುದು. ಉಳಿದದ್ದು ಬಿಟ್ಟುಕೊಡುವುದರಿಂದಲೇ ಆಗಬೇಕು. ಮೃದಂಗದಲ್ಲಿ ಗುಮ್ಕಿ ಬರುವ ಕಡೆ ಡ್ರಮ್ಸ್ ನುಡಿಸುವವಳು ಕಿಕ್‌ನಿಂದ ಕಾಲು ತೆಗೆಯುತ್ತಾಳೆ. ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗಬಾರದು ಕೂಡ.

ಆಲ್ಬಮ್ ಒಂದೇ ಯಾಕೆ ಮಾಡಿದಿರಿ? 15 ವರ್ಷ ಆಯಿತಲ್ಲ?

ಮೊದಲು ಮಾಡಿದ ರೆಕಾರ್ಡಿಂಗ್ ಬಿಸಾಡಿದೆವು. ಅದೇ ಕಾರಣ.

ಸ್ಟುಡಿಯೋದಲ್ಲಿ ಕಿವಿಗೆ ಕ್ಲಿಕ್, ಅಂದರೆ ಯಂತ್ರದ ತಾಳದ ಸದ್ದು, ಹಾಕಿಕೊಂಡು ಒಬ್ಬೊಬ್ಬರೇ ಬೇರೆ ಬೇರೆ ದಿನ ನುಡಿಸಿದ್ದೆವು. ಎಲ್ಲವೂ ಸರಿಯಾಗಿತ್ತು, ಒಂದು ಏಟೂ ತಪ್ಪಿರಲಿಲ್ಲ. ಕೇಳಿದರೆ ಜೀವ ಇರಲಿಲ್ಲ. ನಮ್ಮಲ್ಲಿ ಕಾಲಪ್ರಮಾಣ, ಅಂದರೆ ನಡೆಯ ವೇಗ, ಗಟ್ಟಿಯಾಗಿರಬೇಕು ಅನ್ನುತ್ತಾರೆ, ಅದು ನಿಜ. ಆದರೆ ಆ ಗಟ್ಟಿತನ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದರಿಂದ ಬರಬೇಕು. ಸಾಲದಲ್ಲಿ ಮಾಡಿದ ರೆಕಾರ್ಡಿಂಗ್ ಅದು, ಬಿಡುವುದು ಸುಲಭವಾಗಿರಲಿಲ್ಲ. ಗಿಟಾರಿನವನು ಒಂದು ಗಿಟಾರ್ ಮಾರಿದ.

ನಾಲ್ಕು ವರ್ಷದ ನಂತರ ಐವರೂ ಒಂದೇ ಕೋಣೆಯಲ್ಲಿ ಕೂತು, ಕ್ಲಿಕ್ ಇಲ್ಲದೆ, ಮೂರು ದಿನದಲ್ಲಿ ಮುಗಿಸಿದೆವು. ಒಂದು ಕಡೆ ಹೊರಗಿನ ಸ್ಕೂಟರ್ ಸದ್ದು ಸಣ್ಣಗೆ ಕೇಳಿಸುತ್ತದೆ. ಬಿಟ್ಟಿದ್ದೇವೆ.

ಇದರಿಂದ ಜೀವನ ನಡೆಯುತ್ತದಾ?

ಇದೊಂದರಿಂದಲೇ ನಡೆಯುವುದಿಲ್ಲ. ನಾನು ಪಕ್ಕವಾದ್ಯ ನುಡಿಸುತ್ತೇನೆ, ಪಾಠ ಹೇಳುತ್ತೇನೆ. ಗಿಟಾರಿನವನು ಜಾಹೀರಾತುಗಳಿಗೆ ಸಂಗೀತ ಮಾಡುತ್ತಾನೆ. ಬೇಸ್ ಗಿಟಾರಿನವರು ಐಟಿ ಕೆಲಸದಲ್ಲಿದ್ದಾರೆ. ಡ್ರಮ್ಸ್ ನುಡಿಸುವವಳು ಶಾಲೆಯೊಂದರಲ್ಲಿ ಕಲಿಸುತ್ತಾಳೆ.

ಹಾಡುವವರಿಲ್ಲದ ತಂಡಕ್ಕೆ ಕರೆಯೂ ಕಡಿಮೆ, ಹಣವೂ ಕಡಿಮೆ. ಒಂದು ಕಂಪನಿಯ ಕಾರ್ಯಕ್ರಮಕ್ಕೆ ಕರೆದು, ಊಟದ ಹೊತ್ತಿಗೆ ಹಿನ್ನೆಲೆಯಲ್ಲಿ ಮೆಲ್ಲಗೆ ನುಡಿಸಿ ಅಂದರು. ಹಣ ಬರಲು ಏಳು ತಿಂಗಳಾಯಿತು. ಆವತ್ತಿನಿಂದ ಎರಡು ನಿಯಮ ಮಾಡಿಕೊಂಡೆವು. ಅರ್ಧ ಅಡ್ವಾನ್ಸ್ ಬಂದ ಮೇಲೆ ದಿನ ಒಪ್ಪುವುದು. ಊಟ ಬಡಿಸುವ ಕಡೆ ನುಡಿಸದೇ ಇರುವುದು.

ಬಂದ ಹಣವನ್ನು ಆರು ಪಾಲು ಮಾಡುತ್ತೇವೆ. ಐದು ನಮಗೆ, ಆರನೆಯದು ಬ್ಯಾಂಡಿನ ಡಬ್ಬಕ್ಕೆ. ರೆಕಾರ್ಡಿಂಗ್, ವಾದ್ಯಕ್ಕೆ ಅಂಟಿಸುವ ಪಿಕಪ್ ಮೈಕು, ವೈರು, ವ್ಯಾನು ಎಲ್ಲ ಅದರಿಂದ. ಅತಿಥಿ ಬಂದ ದಿನ ಏಳು ಪಾಲು. ಹೊಸದಾಗಿ ತಂಡ ಕಟ್ಟುವವರಿಗೆ ನಾನು ಮೊದಲು ಹೇಳುವುದು ರಾಗದ ವಿಷಯವಲ್ಲ, ಈ ಡಬ್ಬದ ವಿಷಯ.

ಎಲ್ಲಿ ನುಡಿಸಲು ಇಷ್ಟ?

ಗಣೇಶನ ಪೆಂಡಾಲ್. ನಿಜವಾಗಿ ಹೇಳುತ್ತಿದ್ದೇನೆ. ದೊಡ್ಡ ಸಭಾಂಗಣದಲ್ಲಿ ಟಿಕೆಟ್ ಕೊಂಡು ಬಂದವರು ಕೂತಿರುತ್ತಾರೆ, ಅವರು ಏಳುವುದಿಲ್ಲ. ಪೆಂಡಾಲಿನಲ್ಲಿ ಹಿಡಿಸದಿದ್ದರೆ ಜನ ಎದ್ದು ಚುರುಮುರಿ ತಿನ್ನಲು ಹೋಗುತ್ತಾರೆ. ಹಿಡಿಸಿದರೆ ಚುರುಮುರಿ ಕಟ್ಟಿಸಿಕೊಂಡು ವಾಪಸ್ ಬಂದು ಕೂರುತ್ತಾರೆ. ಅಷ್ಟು ಪ್ರಾಮಾಣಿಕ ಸಭೆ ಇನ್ನೊಂದಿಲ್ಲ. ಒಂದೇ ತೊಂದರೆ, ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು. ಅದು 2000ನೇ ಇಸವಿಯಿಂದ ಇರುವ ನಿಯಮ, ಸರಿಯಾದ ನಿಯಮವೇ. ಒಂದು ಸಲ ಭಾಷಣಗಳು ಮುಗಿಯುವಾಗಲೇ ಒಂಬತ್ತೂವರೆ ಆಗಿತ್ತು. ಎರಡೇ ಟ್ಯೂನ್ ಆಯಿತು. ಹತ್ತಾದ ಮೇಲೆ ಮೈಕ್ ಆಫ್ ಮಾಡಿ, ಜನರನ್ನು ಹತ್ತಿರ ಕರೆದು, ವಯೊಲಿನ್ ಮತ್ತು ಖಂಜಿರ ಮಾತ್ರ ಇಟ್ಟುಕೊಂಡು ಇನ್ನೊಂದು ನುಡಿಸಿದೆವು. ಮಕ್ಕಳು ನಮ್ಮ ಮೊಣಕಾಲಿಗೆ ತಾಗಿ ಕೂತಿದ್ದರು.

ಸಿನಿಮಾ ಹಾಡು ನುಡಿಸುತ್ತೀರಾ?

ಇಲ್ಲ. ಸಿನಿಮಾ ಹಾಡೆಂದರೆ ನಮಗೆಲ್ಲ ಪ್ರಾಣ. ಆದರೆ ಒಂದು ನುಡಿಸಿದರೆ ಮುಂದಿನ ಎಲ್ಲ ಚೀಟಿಗಳೂ ಅದಕ್ಕೇ ಬರುತ್ತವೆ.

ತ್ಯಾಗರಾಜರ ಕೃತಿ ನುಡಿಸಿ ವೀಡಿಯೋ ಹಾಕಿದರೆ ಕಾಪಿರೈಟ್ ತೊಂದರೆ ಬರುತ್ತದಾ?

ನಮ್ಮ ದೇಶದಲ್ಲಿ ರಚಿಸಿದವರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಇರುತ್ತದೆ. ತ್ಯಾಗರಾಜರು ಹೋಗಿದ್ದು 1847ರಲ್ಲಿ. ಕೃತಿ ಎಲ್ಲರದ್ದು. ಆದರೆ ಬೇರೊಬ್ಬರು ಮಾಡಿದ ರೆಕಾರ್ಡಿಂಗ್‌ಗೆ ಬೇರೆ ಹಕ್ಕು ಇದೆ, ಅದನ್ನು ತೆಗೆದು ಹಾಕಬಾರದು. ನೀವೇ ನುಡಿಸಿದ್ದರೂ ಕೆಲವು ಸಲ ಯಂತ್ರ ತಪ್ಪು ತಿಳಿದು ನೋಟಿಸ್ ಕಳಿಸುತ್ತದೆ. ಉತ್ತರ ಕೊಡಿ, ಸುಮ್ಮನಿರಬೇಡಿ. ನಿಮ್ಮದೇ ರಚನೆಗಳಿದ್ದರೆ ರಚನಕಾರರ ಹಕ್ಕು ನೋಡಿಕೊಳ್ಳುವ ಸಂಸ್ಥೆ ಐಪಿಆರ್‌ಎಸ್‌ನಲ್ಲಿ ನೋಂದಾಯಿಸಿ. ನಾವು ತಡವಾಗಿ ಮಾಡಿದೆವು.

ಜಗಳ ಆಗುವುದಿಲ್ವಾ?

ಆಗುತ್ತದೆ. ಹಣಕ್ಕೆ ಆಗಿಲ್ಲ, ವೇಗಕ್ಕೆ ಆಗಿದೆ. ಮೊದಲ ಬೇಸ್ ಗಿಟಾರಿನವನು ಆರನೇ ವರ್ಷ ಬಿಟ್ಟು ಹೋದ. ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನದ ಹೊತ್ತಿನಲ್ಲಿ ಹತ್ತು ನಿಮಿಷ ಕೈಕಟ್ಟಿ ನಿಲ್ಲುವುದು ಅವನಿಗೆ ಕಷ್ಟವಾಗುತ್ತಿತ್ತು. ನಾವು ಅದನ್ನು ಕೇಳಿಸಿಕೊಳ್ಳಲಿಲ್ಲ. ಕಚೇರಿಯಲ್ಲಿ ತನಿ ಹೀಗೇ ಇರುವುದು ಎಂದುಬಿಟ್ಟೆವು. ಅವನು ಹೋದ ಮೇಲೆ ಅರ್ಥವಾಯಿತು, ನಾವು ಅವನ ಮನೆಗೆ ಹೋಗಿರಲೇ ಇಲ್ಲ. ಈಗ ತನಿ ನಡೆಯುವಾಗ ಬೇಸ್ ಒಂದೇ ಸ್ವರದಲ್ಲಿ ತಾಳ ಹಿಡಿಯುತ್ತದೆ, ಮೃದಂಗ ಎಲ್ಲಿಗೆ ಹೋದರೂ ಬಾಗಿಲು ತೆರೆದಿಟ್ಟ ಹಾಗೆ. ಆ ಉಪಾಯ ಅವನು ಇದ್ದಾಗಲೇ ಹೊಳೆಯಬೇಕಿತ್ತು. ಅವನಿಗೆ ಇದನ್ನು ಹೇಳಿದ್ದೇನೆ.

ನನ್ನ ಮಗಳು ವೀಣೆ ಕಲಿಯುತ್ತಿದ್ದಾಳೆ. ನಿಮ್ಮಂಥ ಬ್ಯಾಂಡ್ ಸೇರಬಹುದಾ?

ಖಂಡಿತ. ಆದರೆ ಪಾಠ ಬಿಡಿಸಬೇಡಿ. ವರ್ಣಗಳು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಸಲೀಸಾಗಿ ಬರಲಿ. ತನ್ನ ಮನೆಯೇ ಗೊತ್ತಿಲ್ಲದೆ ಇನ್ನೊಬ್ಬರ ಮನೆಗೆ ಹೋದರೆ ಕೊಡಲು ಏನೂ ಇರುವುದಿಲ್ಲ. ವೀಣೆಯ ನಾದ ಸಣ್ಣದು, ಡ್ರಮ್ಸ್ ಪಕ್ಕದಲ್ಲಿ ಮುಳುಗುತ್ತದೆ, ಮುಂದೆ ಒಂದು ಪಿಕಪ್ ಬೇಕಾಗುತ್ತದೆ. ಅದಕ್ಕೆ ಈಗಲೇ ಅವಸರವಿಲ್ಲ. ಈಗ ಅವಳಿಗೆ ಬೇಕಾಗಿರುವುದು ಬೇರೆ ವಾದ್ಯ ಕಲಿಯುತ್ತಿರುವ ಒಬ್ಬ ಗೆಳತಿ.

ಭಾನುವಾರ ಬೆಳಿಗ್ಗೆ ನಮ್ಮ ಅಭ್ಯಾಸ ಇರುತ್ತದೆ. ಕಾರ್ಯಕ್ರಮದ ದಿನ ನಮ್ಮನ್ನು ಕೇಳಿದರೆ ವಿಳಾಸ ಹೇಳುತ್ತೇವೆ. ಅವಳನ್ನು ಕರೆದುಕೊಂಡು ಬನ್ನಿ, ವೀಣೆಯನ್ನೂ ತನ್ನಿ. ಮಹಡಿಯ ಮೆಟ್ಟಿಲು ಕಿರಿದು, ವೀಣೆ ಹತ್ತಿಸಲು ನಾನು ಕೆಳಗೆ ಬರುತ್ತೇನೆ.